ಚಿಕ್ಕ ಕೀಬೋರ್ಡ್ ಇನ್ನು ನಮ್ಮಲ್ಲಿ ಸಿಗುವುದಿಲ್ಲ: ಗ್ರಾಹಕರಿಗೊಂದು ಪತ್ರ

ಮಾಟುಂಗಾ, ಮುಂಬಯಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಈ ವಿಜಯದಶಮಿಯಿಂದ 32, 37, 44 ಕೀಗಳ, ಸಂಗೀತ ನುಡಿಸುವ ಚಿಕ್ಕ ಕೀಬೋರ್ಡ್‌ಗಳನ್ನು ನಾವು ಮಾರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಪೂರ್ಣ ಅಳತೆಯ 61 ಕೀಗಳಿರುವ, ಟಚ್ (ಬೆರಳು ಮೆಲ್ಲಗೆ ಅಥವಾ ಜೋರಾಗಿ ಇಳಿದಂತೆ ಸದ್ದು ಏರಿಳಿಯುವ ಗುಣ) ಇರುವ ಕೀಬೋರ್ಡ್ ಮಾತ್ರ ಕೊಡುತ್ತೇವೆ. ಮಕ್ಕಳ ವಿದ್ಯಾರಂಭಕ್ಕೆಂದು ಚಿಕ್ಕದಕ್ಕೆ ಮುಂಗಡ ಕೊಟ್ಟವರು ಕೆಲವರಿದ್ದೀರಿ. ಹಬ್ಬ ಬಾಗಿಲಿಗೆ ಬಂದಾಗ ಹೀಗೆ ಹೇಳುತ್ತಿರುವುದಕ್ಕೆ ಕ್ಷಮಿಸಬೇಕು. ನಿಮ್ಮ ಹಣ ಹಾಗೆಯೇ ಇದೆ, ಯಾವಾಗ ಬೇಕಾದರೂ ಬಂದು ಪಡೆಯಬಹುದು.

ಸುದ್ದಿ ತಿಳಿದ ದಿನದಿಂದ ಒಂದೇ ಮಾತು ಕೇಳುತ್ತಿದ್ದೇವೆ: "ಮಗು ಕಲಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಮೊದಲು ಚಿಕ್ಕದು ಸಾಕು. ನೀವು ಲಾಭಕ್ಕಾಗಿ ದೊಡ್ಡದನ್ನು ತಲೆಗೆ ಕಟ್ಟುತ್ತಿದ್ದೀರಿ." ಅಪ್ಪನ ಕಾಲದಿಂದ ಬರುತ್ತಿರುವವರ ಬಾಯಲ್ಲೂ ಈ ಮಾತು ಬಂದಾಗ ನೋವಾಯಿತು. ಹಾಗಾಗಿ ವಿವರವಾಗಿ ಉತ್ತರಿಸುತ್ತೇವೆ.

ಪಿಯಾನೊದ ಒಂದು ಬಿಳಿ ಕೀಯ ಅಗಲ ಸುಮಾರು 23.5 ಮಿಲಿಮೀಟರ್. ಚಿಕ್ಕ ಕೀಬೋರ್ಡ್‌ಗಳಲ್ಲಿ ಕೀ ಅದಕ್ಕಿಂತ ಕಿರಿದು. ಷಡ್ಜದಿಂದ ಪಂಚಮಕ್ಕೆ ಬೆರಳು ಎಷ್ಟು ಚಾಚಬೇಕು ಎಂಬುದನ್ನು ಕೈ ಕಣ್ಣಿನ ನೆರವಿಲ್ಲದೆ ಕಲಿಯುತ್ತದೆ. ತಪ್ಪು ಅಳತೆಯಲ್ಲಿ ಕಲಿತ ಕೈ ಗುರುಗಳ ಮನೆಯ ವಾದ್ಯದ ಮುಂದೆ ಕುಳಿತಾಗ ತಡವರಿಸುತ್ತದೆ. ಜಾಗವೂ ಸಾಲದು. 37 ಕೀಗಳೆಂದರೆ ಮೂರೇ ಸ್ಥಾಯಿ. ಬಲಗೈ ಹಾಡು ನುಡಿಸುವಾಗ ಎಡಗೈ ಎಲ್ಲಿಗೆ ಹೋಗಬೇಕು? 61 ಕೀಗಳಲ್ಲಿ ಐದು ಸ್ಥಾಯಿ ಸಿಗುತ್ತದೆ, ಎರಡೂ ಕೈಗಳಿಗೆ ನೆಲೆ ಇರುತ್ತದೆ.

ಇನ್ನು ಟಚ್. ಟಚ್ ಇರುವ ಕೀಬೋರ್ಡ್‌ನಲ್ಲಿ ಪ್ರತಿ ಕೀಯ ಕೆಳಗೆ, ರಬ್ಬರ್ ಪಟ್ಟಿಯಲ್ಲಿ ಎರಡೆರಡು ಸಂಪರ್ಕಗಳಿರುತ್ತವೆ. ಮೊದಲನೆಯದು ತಗುಲಿ ಎರಡನೆಯದು ತಗುಲುವವರೆಗಿನ ಹೊತ್ತನ್ನು ಅಳೆದು ಬೆರಳು ಎಷ್ಟು ಬೇಗ ಇಳಿಯಿತು ಎಂದು ಯಂತ್ರ ತಿಳಿಯುತ್ತದೆ, ಅದರಂತೆ ದನಿಯನ್ನು ಏರಿಸುತ್ತದೆ, ಇಳಿಸುತ್ತದೆ. ಟಚ್ ಇಲ್ಲದಿದ್ದರೆ ಜೋಗುಳಕ್ಕೂ ಮೆರವಣಿಗೆಯ ಹಾಡಿಗೂ ಒಂದೇ ಗಟ್ಟಿ ಸದ್ದು. ನಾಲ್ಕು ತಿಂಗಳಲ್ಲಿ ಮಗುವಿಗೆ ಬೇಸರ ಬರುತ್ತದೆ, ಮನೆಯವರು "ಇವಳಿಗೆ ಸಂಗೀತ ಒಲಿಯುವುದಿಲ್ಲ" ಎಂದುಬಿಡುತ್ತಾರೆ. ಹಾಗೆ ಡೊಂಬಿವಲಿಯಿಂದ ಒಬ್ಬ ಹುಡುಗಿ ಕೀಬೋರ್ಡ್ ಹಿಂದಿರುಗಿಸಲು ಬಂದಿದ್ದಳು. ತಂದೆ ನಮ್ಮೊಡನೆ ಮಾತನಾಡುತ್ತಿದ್ದಾಗ ಅವಳು ಪ್ರದರ್ಶನಕ್ಕಿಟ್ಟ ದೊಡ್ಡ ಕೀಬೋರ್ಡ್‌ನ ಮುಂದೆ ಕುಳಿತು ಅರ್ಧ ಗಂಟೆ ಏಳಲೇ ಇಲ್ಲ. ಆ ಚಿಕ್ಕದನ್ನು ಅವಳಿಗೆ ಮಾರಿದವರು ನಾವೇ. ಅದು ನಮ್ಮ ತಪ್ಪು.

ಕೊಳ್ಳುವಾಗ ಮಾದರಿಯ ಹೆಸರನ್ನು ಸರಿಯಾಗಿ ಓದಿ. ಕ್ಯಾಸಿಯೊ ಸಿಟಿ-ಎಸ್200 ಮತ್ತು ಸಿಟಿ-ಎಸ್300 ನೋಡಲು ಅವಳಿಗಳಂತಿವೆ. ಮೊದಲನೆಯದಕ್ಕೆ ಟಚ್ ಇಲ್ಲ, ಎರಡನೆಯದಕ್ಕೆ ಇದೆ. ಯಮಹಾದ ಪಿಎಸ್‌ಆರ್-ಇ273ಕ್ಕೆ ಇಲ್ಲ, ಇ373ಕ್ಕೆ ಇದೆ. ನಾನೂರು ಧ್ವನಿ, ಆರುನೂರು ಧ್ವನಿ (ಕೀಬೋರ್ಡ್ ಹೊರಡಿಸುವ ಬೇರೆಬೇರೆ ವಾದ್ಯಗಳ ದನಿ) ಎಂಬ ಲೆಕ್ಕಕ್ಕೆ ಮರುಳಾಗಬೇಡಿ, ಮೊದಲ ವರ್ಷ ಹತ್ತು ಧ್ವನಿಗಳೂ ಬೇಕಾಗುವುದಿಲ್ಲ. ಹಾಡುವ ಮನೆಯವರಿಗೆ ನಿಜವಾಗಿ ಬೇಕಾದದ್ದು ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿ. 88 ಕೀಗಳ ಡಿಜಿಟಲ್ ಪಿಯಾನೊವನ್ನೂ ಆರಂಭಕ್ಕೆ ಕೊಳ್ಳಬೇಡಿ ಎಂದೇ ಹೇಳುತ್ತೇವೆ. ಲಾಭವೇ ಗುರಿಯಾಗಿದ್ದರೆ ಹಾಗೆ ಹೇಳುತ್ತಿರಲಿಲ್ಲ. ವಠಾರದಂಥ ಚಾಳಿನ ಒಂದು ಕೋಣೆಯ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಸಿಟಿ-ಎಸ್300ರ ತೂಕ 3.3 ಕಿಲೋ, ಆರು ಸೆಲ್ ಹಾಕಿದರೂ ನಡೆಯುತ್ತದೆ, ನುಡಿಸಿ ಮುಗಿದ ಮೇಲೆ ಕಪಾಟಿನ ಮೇಲೆ ಏರಿಸಬಹುದು.

ಬೆಲೆಯ ಬಗ್ಗೆ ನಮ್ಮನ್ನು ದೂರುವುದು ನ್ಯಾಯವಲ್ಲ. ಕೀಬೋರ್ಡಿಗೆ ಶೇ. 18 ಜಿಎಸ್‌ಟಿ ಇದೆ. ಕೈಯಿಂದ ಮಾಡಿದ ತಬಲಕ್ಕೆ ತೆರಿಗೆ ಇಲ್ಲವಲ್ಲ ಎಂದು ಕೇಳುತ್ತೀರಿ. ಆ ವಿನಾಯಿತಿ ಕೈಯಿಂದ ಮಾಡಿದ ದೇಶಿ ವಾದ್ಯಗಳಿಗೆ ಮಾತ್ರ, ನಿಯಮ ಬರೆದವರು ನಾವಲ್ಲ. ನಗರದೊಳಗೆ ಬರುವ ಸರಕಿಗಿದ್ದ ಜಕಾತಿ 2017ರಲ್ಲಿ ಹೋಯಿತು, ನಿಜ. ಆದರೆ ಭಿವಂಡಿಯ ಗೋದಾಮಿನಿಂದ ಬರುವ ಟೆಂಪೊ ಬಾಡಿಗೆ ಹೋಗಲಿಲ್ಲ. ಮಳೆಗಾಲದಲ್ಲಿ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತು ಟೆಂಪೊ ಸಿಕ್ಕಿಕೊಂಡರೆ ನೆನೆದ ಪೆಟ್ಟಿಗೆಯ ನಷ್ಟ ನಮ್ಮದೇ. ಅಡಾಪ್ಟರ್‌ಗೆ ಬೇರೆ ದುಡ್ಡು ಏಕೆ ಎಂದು ಜಗಳವಾಡಿದವರೂ ಇದ್ದೀರಿ. ಕೆಲವು ಪೆಟ್ಟಿಗೆಗಳಲ್ಲಿ ಅದು ಇರುವುದೇ ಇಲ್ಲ. ಸಿಟಿ-ಎಸ್300ಕ್ಕೆ 9.5 ವೋಲ್ಟ್, ಇ373ಕ್ಕೆ 12 ವೋಲ್ಟ್ ಬೇಕು. ರಸ್ತೆಬದಿಯ ಅಗ್ಗದ ಅಡಾಪ್ಟರ್ ಚುಚ್ಚಿ ಸುಟ್ಟ ಬೋರ್ಡ್‌ಗಳು ನಮ್ಮ ರಿಪೇರಿ ಮೇಜಿನ ಮೇಲೆ ಈಗಲೂ ಇವೆ.

ಆನ್‌ಲೈನ್ ಬೆಲೆಗೆ ನಾವು ಸರಿಸಾಟಿಯಾಗಲಾರೆವು, ಅದನ್ನು ಒಪ್ಪುತ್ತೇವೆ. ಅಲ್ಲಿ ಕೊಂಡರೂ ಮುನಿಸಿಲ್ಲ. ತೇವಕ್ಕೆ ಕೀ ಮೂಕವಾದರೆ ನಮ್ಮಲ್ಲಿಗೇ ತನ್ನಿ, ಎಲ್ಲಿ ಕೊಂಡಿರಿ ಎಂದು ಕೇಳುವುದಿಲ್ಲ.

ಅಷ್ಟು ಹಣ ಈಗ ಕೈಯಲ್ಲಿಲ್ಲ ಎನ್ನುವವರಿಗಾಗಿ ಬಳಸಿದ 61 ಕೀಗಳ ಹನ್ನೆರಡು ಕೀಬೋರ್ಡ್‌ಗಳನ್ನು ಬಿಚ್ಚಿ, ಧೂಳು ತೆಗೆದು, ಸವೆದ ರಬ್ಬರ್ ಪಟ್ಟಿ ಬದಲಿಸಿ ಸಿದ್ಧಮಾಡಿದ್ದೇವೆ. ತಿಂಗಳಿಗೆ 600 ರೂಪಾಯಿ ಬಾಡಿಗೆ, 3,000 ರೂಪಾಯಿ ಠೇವಣಿ. ಮೂರು ತಿಂಗಳಲ್ಲಿ ಮಗು ಬೇಡವೆಂದರೆ ವಾದ್ಯ ತಂದುಕೊಡಿ, ಠೇವಣಿ ಪೂರ್ತಿ ಕೊಡುತ್ತೇವೆ. ಬೇಕೆಂದರೆ ಕಟ್ಟಿದ ಬಾಡಿಗೆಯನ್ನು ಹೊಸದರ ಬೆಲೆಯಲ್ಲಿ ಕಳೆಯುತ್ತೇವೆ. ನಿಮ್ಮ ಬಳಿ ಇರುವ ಚಿಕ್ಕ ಕೀಬೋರ್ಡ್‌ಗಳ ರಿಪೇರಿಯನ್ನು ಎಂದಿನಂತೆ ಮಾಡುತ್ತೇವೆ.

ದಸರಾ ಮುಗಿಯುವವರೆಗೆ ಅಂಗಡಿ ರಾತ್ರಿ ಒಂಬತ್ತರ ತನಕ ತೆರೆದಿರುತ್ತದೆ. ಮಗುವನ್ನೂ ಕರೆದುಕೊಂಡು ಬನ್ನಿ. ಹಾರ್ಮೋನಿಯಂ ರಿಪೇರಿಯ ಹಳೆಯ ಬೆಂಚಿನ ಪಕ್ಕದಲ್ಲಿ ಚಿಕ್ಕದು, ದೊಡ್ಡದು ಎರಡನ್ನೂ ಜೋಡಿಸಿಟ್ಟಿರುತ್ತೇವೆ. ಮಗುವೇ ನುಡಿಸಿ ನೋಡಲಿ.

ನಿಮ್ಮ ವಿಶ್ವಾಸಿಗಳು,
ಅಂಗಡಿಯವರು