ಎರಡು ದಡದ ಬೆಕ್ಕುಗಳ ಪರವಾಗಿ

ಈ ವರ್ಷದ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆಯ ಬೋಟುಗಳು ಮತ್ತೆ ಕಡಲಿಗಿಳಿದಿವೆ. ಜೂನ್ 1ರಿಂದ ಜುಲೈ 31ರವರೆಗೆ ದಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಬೆಕ್ಕುಗಳಿಗೆ ಒಂದು ದಿನವೂ ಊಟ ತಪ್ಪಲಿಲ್ಲ. ಬಂದರಿನ ಸುತ್ತಮುತ್ತಲಿನ ಹೆಣ್ಣು ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಆಯಿತು. ಶುರು ಮಾಡುವಾಗ ಇಷ್ಟಾದರೆ ದೊಡ್ಡದು ಅಂದುಕೊಂಡಿದ್ದೆವು, ಅಷ್ಟೂ ಆಗಿದೆ. ಇದಕ್ಕೆ ಕಾರಣರಾದವರಿಗೆಲ್ಲ ಕೈಮುಗಿದು ಥ್ಯಾಂಕ್ಸ್ ಹೇಳಲು ಈ ಬರಹ. ಹಲವರ ಹೆಸರು ಇಲ್ಲಿಲ್ಲ, ಹಾಕಬೇಡಿ ಅಂತ ಅವರೇ ಕೇಳಿಕೊಂಡಿದ್ದಾರೆ.

ಮೊದಲು ದೂರದವರಿಗೆ. ಈ ಕೆಲಸ ನಾನು ಕಲಿತದ್ದು ಮೆಡಿಟರೇನಿಯನ್ ಕಡಲಿನ ದ್ವೀಪದೇಶ ಸೈಪ್ರಸ್‌ನಲ್ಲಿ.

ಗಂಡನಿಗೆ ಲಿಮಾಸೋಲ್‌ನ ಹಡಗು ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಭಾಷೆ ಗೊತ್ತಿಲ್ಲ, ಪರಿಚಯದವರಿಲ್ಲ, ದಿನವಿಡೀ ಮನೆಯಲ್ಲಿ ಒಬ್ಬಳೇ. ಊರಿನಿಂದ ಟ್ರೂಡೋಸ್ ಬೆಟ್ಟದ ಕಡೆ ಹತ್ತುವ ದಾರಿಯಲ್ಲಿ ಒಂದು ಬೆಕ್ಕುಗಳ ಆಶ್ರಯಧಾಮ ಇತ್ತು. ಕೆಲಸಕ್ಕೆ ಜನ ಬೇಕು ಅಂದರು, ಹೋದೆ. ಅದನ್ನು ನೋಡಿಕೊಳ್ಳುತ್ತಿದ್ದವರು ಇಂಗ್ಲೆಂಡಿನಿಂದ ಬಂದು ನೆಲೆಸಿದ ನಿವೃತ್ತ ನರ್ಸ್. ನನ್ನ ಮೊದಲ ಕೃತಜ್ಞತೆ ಅವರಿಗೆ. "ಬೆಕ್ಕು ಅಂದರೆ ಇಷ್ಟವೇ?" ಅಂತ ಅವರು ಕೇಳಲೇ ಇಲ್ಲ. ಬಕೆಟ್, ಬ್ರಷ್ ಕೊಟ್ಟು ಪಂಜರ ತೊಳೆಯುವ ಕ್ರಮ ತೋರಿಸಿದರು: ಮೊದಲು ಆರೋಗ್ಯವಾಗಿರುವ ಮರಿಗಳ ಕೋಣೆ, ಆಮೇಲೆ ದೊಡ್ಡವು, ಕೊನೆಗೆ ಕಾಯಿಲೆಯವು. ಹಿಂದೆ ಮುಂದೆ ಆಗುವ ಹಾಗಿಲ್ಲ. ರೋಗವನ್ನು ಕೋಣೆಯಿಂದ ಕೋಣೆಗೆ ಒಯ್ಯುವುದು ನಮ್ಮದೇ ಕೈ, ನಮ್ಮದೇ ಚಪ್ಪಲಿ.

ಹೊತ್ತಿಗೆ ಸರಿಯಾಗಿ ತೂಗುವುದನ್ನು ಕಲಿಸಿದವರೂ ಅವರೇ. ಆಗ ತಾನೇ ಹುಟ್ಟಿದ ಮರಿ ಸುಮಾರು 100 ಗ್ರಾಂ ಇರುತ್ತದೆ, ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಗಮನ, ಇಳಿದರೆ ಗಾಬರಿ. ಅಡುಗೆಮನೆಯ ತಕ್ಕಡಿಯ ಮೇಲೆ ಸಣ್ಣ ಟವೆಲ್ ಹಾಸಿ, ಸೊನ್ನೆಗೆ ತಂದು, ಮರಿಯನ್ನು ಇಟ್ಟು, ಅದು ಮಿಸುಕಾಡುವುದು ನಿಂತ ಆ ಒಂದು ಕ್ಷಣದಲ್ಲಿ ಅಂಕೆಯನ್ನು ಓದಬೇಕು. ತಾಯಿಯಿಲ್ಲದ ಮರಿಗೆ ಹಾಲಿಗಿಂತ ಮೊದಲು ಬಿಸಿ ಬೇಕು, ತಣ್ಣಗಿರುವ ಮೈಗೆ ಹಾಲು ಜೀರ್ಣವಾಗುವುದಿಲ್ಲ. ಹಸುವಿನ ಹಾಲು ಕೊಟ್ಟರೆ ಭೇದಿ ಹತ್ತುತ್ತದೆ. ಎರಡು ಮೂರು ಗಂಟೆಗೊಮ್ಮೆ ಮರಿಗಳಿಗಾಗಿಯೇ ಮಾಡಿದ ಪುಡಿ ಹಾಲು, ಪ್ರತಿ ಸಲ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಒರೆಸಿ ಮೂತ್ರ ಮಾಡಿಸಬೇಕು, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಇಂದು ಕೊಡವೂರಿನಿಂದಲೋ ಸಂತೆಕಟ್ಟೆಯಿಂದಲೋ ರಾತ್ರಿ ಹನ್ನೊಂದಕ್ಕೆ ಯಾರಾದರೂ ಫೋನ್ ಮಾಡಿ "ರಟ್ಟಿನ ಪೆಟ್ಟಿಗೆಯಲ್ಲಿ ಮರಿ ಬಿಟ್ಟುಹೋಗಿದ್ದಾರೆ" ಅಂದರೆ ನಾನು ತಡವರಿಸದೆ ಉತ್ತರ ಕೊಡುವುದು ಆ ನರ್ಸ್ ಅಮ್ಮನ ದೆಸೆಯಿಂದ.

ಆ ದ್ವೀಪದ ಅಜ್ಜಿಯಂದಿರಿಗೂ ನಾನು ಋಣಿ. ಸಂಜೆಯಾದರೆ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಹಿಡಿದು ಬೀದಿ ಮೂಲೆಗೆ ಬರುತ್ತಿದ್ದರು. ನವೆಂಬರ್ ಬಂತೆಂದರೆ ಕಡಲತೀರದ ಹೋಟೆಲುಗಳಲ್ಲಿ ಹಲವು ಬಾಗಿಲು ಹಾಕುತ್ತವೆ, ಪ್ರವಾಸಿಗರ ತಟ್ಟೆಯನ್ನೇ ನಂಬಿ ಬದುಕಿದ ಬೆಕ್ಕುಗಳು ವಸಂತ ಬರುವವರೆಗೆ ಉಪವಾಸ. ಆ ತಿಂಗಳುಗಳಲ್ಲಿ ಅವನ್ನು ಉಳಿಸುವವರು ಈ ಅಜ್ಜಿಯಂದಿರು. ಅವರನ್ನು ನೋಡುವಾಗಲೆಲ್ಲ ನನಗೆ ಮಲ್ಪೆ ನೆನಪಾಗುತ್ತಿತ್ತು. ನಮ್ಮಲ್ಲಿ ಹಸಿವಿನ ಕಾಲ ಮಳೆಗಾಲ. ಯಾಂತ್ರಿಕ ಬೋಟುಗಳು ಲಂಗರು ಹಾಕಿದ ಮೇಲೆ ದಕ್ಕೆಯಲ್ಲಿ ಮೀನಿನ ತಲೆ, ಕರುಳು ಬೀಳುವುದಿಲ್ಲ. ಹತ್ತು ತಿಂಗಳು ಬೂತಾಯಿ, ಬಂಗುಡೆ ತಿಂದು ಮೈ ತುಂಬಿಕೊಂಡ ಬೆಕ್ಕುಗಳು ಆಟಿ ತಿಂಗಳಲ್ಲಿ ಎಲುಬು ಹಂದರವಾಗುತ್ತವೆ. ಚಿಕ್ಕಂದಿನಿಂದ ಕಂಡದ್ದೇ ಇದು. ಅದಕ್ಕೆ ಏನಾದರೂ ಮಾಡಬಹುದು ಅಂತ ಹೊಳೆದದ್ದು ಮಾತ್ರ ಲಿಮಾಸೋಲ್‌ನ ಒಂದು ಬೀದಿ ಮೂಲೆಯಲ್ಲಿ ನಿಂತಾಗ.

ಬೆಕ್ಕು ಆ ದ್ವೀಪದ ಮೂಲ ಪ್ರಾಣಿಯಲ್ಲ. ಆದರೂ ಲಿಮಾಸೋಲ್‌ನಿಂದ ಸ್ವಲ್ಪ ದೂರದ ಶಿಲ್ಲುರೊಕಾಂಬೊಸ್ ಎಂಬಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರ ಪಕ್ಕದಲ್ಲೇ, ಮೊಳದಷ್ಟು ದೂರದಲ್ಲಿ, ಎಳೆಯ ಬೆಕ್ಕೊಂದನ್ನು ಹೂತಿದ್ದರು. ಫ್ರಾನ್ಸಿನ ಪುರಾತತ್ವಜ್ಞರು ಇದನ್ನು 2004ರಲ್ಲಿ ಪ್ರಕಟಿಸಿದರು. ಅಂದರೆ ಯಾರೋ ಅವನ್ನು ದೋಣಿಯಲ್ಲಿ ಕೂರಿಸಿಕೊಂಡು ಕಡಲು ದಾಟಿಸಿದ್ದಾರೆ. ಹೆಸರು ಗೊತ್ತಿಲ್ಲದ ಆ ದೋಣಿಯವರಿಗೂ ಕಡಲತಡಿಯವಳಾದ ನನ್ನದೊಂದು ನಮಸ್ಕಾರ. ಲಿಮಾಸೋಲ್ ಹತ್ತಿರದ ಅಕ್ರೋತಿರಿಯಲ್ಲಿ ಬೆಕ್ಕುಗಳ ಸಂತ ನಿಕೋಲಸ್ ಮಠವೇ ಇದೆ. ಹಾವಿನ ಕಾಟ ತಡೆಯಲು ನಾಲ್ಕನೇ ಶತಮಾನದಲ್ಲಿ ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನನ ತಾಯಿ ರಾಣಿ ಹೆಲೆನಾ ಬೆಕ್ಕುಗಳನ್ನು ತರಿಸಿದಳು ಅನ್ನುವುದು ಐತಿಹ್ಯ. ನಾಗನಕಲ್ಲಿಗೆ ಹಾಲೆರೆಯುವ ಊರಿನಿಂದ ಹೋದ ನನಗೆ ಆ ಕಥೆ ಸ್ವಲ್ಪ ಕಸಿವಿಸಿ ತಂದದ್ದು ನಿಜ, ಆದರೆ ಬೆಕ್ಕುಗಳಿಗೆ ಊಟ ಹಾಕುವ ಅಲ್ಲಿನ ಸನ್ಯಾಸಿನಿಯರ ಮೇಲೆ ಗೌರವ ಹುಟ್ಟಿತು.

2023 ಬಹಳ ಕಷ್ಟದ ವರ್ಷ. ಎಫ್‌ಐಪಿ (ಫೆಲೈನ್ ಇನ್‌ಫೆಕ್ಷಿಯಸ್ ಪೆರಿಟೊನೈಟಿಸ್) ಎಂಬ, ಬೆಕ್ಕುಗಳಿಗೆ ಬರುವ ಮಾರಕ ಕಾಯಿಲೆ ದ್ವೀಪವನ್ನೆಲ್ಲ ಹಬ್ಬಿತು. ಅದರ ಮೂಲ ಬೆಕ್ಕುಗಳ ಕೊರೊನಾ ವೈರಸ್, ಮನುಷ್ಯರಿಗೆ ಅಂಟುವ ಕೋವಿಡ್ ಅಲ್ಲ. ಸಾಮಾನ್ಯವಾಗಿ ಎಫ್‌ಐಪಿ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ನೇರವಾಗಿ ಹರಡುವುದಿಲ್ಲ. ಆದರೆ ಇದು ನಾಯಿಗಳ ಕೊರೊನಾ ವೈರಸ್ಸಿನ ಅಂಶ ಬೆರೆತ ಹೊಸ ತಳಿ, ಹರಡುತ್ತಿತ್ತು ಅಂತ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ ತಿಳಿಸಿದರು. ನಮಗೆ ಕಂಡದ್ದು ಇಷ್ಟೇ: ನಿನ್ನೆ ಆಡುತ್ತಿದ್ದ ಬೆಕ್ಕು ಇಂದು ತಟ್ಟೆಯ ಹತ್ತಿರ ಬರುವುದಿಲ್ಲ, ಬೆನ್ನೆಲುಬು ಕೈಗೆ ಸಿಗುತ್ತದೆ, ಹೊಟ್ಟೆ ಮಾತ್ರ ಉಬ್ಬುತ್ತದೆ. ಡಾಕ್ಟರು ಸೂಜಿ ಹಾಕಿ ತೆಗೆದರೆ ಹಳದಿ ಬಣ್ಣದ ಅಂಟು ನೀರು. ಮದ್ದು ಇತ್ತು, ಆದರೆ ತುಂಬ ದುಬಾರಿ, 84 ದಿನ ಬಿಡದೆ ಕೊಡಬೇಕು. ಎಲ್ಲವಕ್ಕೂ ಕೊಡಲು ಹಣವಿರಲಿಲ್ಲ. ಯಾವುದಕ್ಕೆ ಕೊಡುವುದು ಅಂತ ನಿರ್ಧರಿಸುವ ಬೆಳಗುಗಳನ್ನು ನಾನು ಇಲ್ಲಿ ವಿವರಿಸಲಾರೆ.

ಬಂಗುಡೆ ಎಂಬ ಬೂದು ಗಂಡುಮರಿ ಬದುಕಿದ್ದು ಆ ವರ್ಷದಲ್ಲೇ. ಬೆನ್ನ ಮೇಲೆ ಬಂಗುಡೆ ಮೀನಿನ ಹಾಗೆ ಕಪ್ಪು ಗೆರೆಗಳಿದ್ದವು, ನಾನೇ ಇಟ್ಟ ಹೆಸರು. ಮನುಷ್ಯರ ಕೋವಿಡ್‌ಗೆಂದು ಸರ್ಕಾರದ ದಾಸ್ತಾನಿನಲ್ಲಿದ್ದ ಮಾತ್ರೆಗಳನ್ನು ಬೆಕ್ಕುಗಳಿಗೆ ಬಳಸಲು ಆಗಸ್ಟ್‌ನಲ್ಲಿ ಅಲ್ಲಿನ ಸರ್ಕಾರ ಬಿಟ್ಟುಕೊಟ್ಟಿತು. ಹನ್ನೆರಡು ಗಂಟೆಗೊಮ್ಮೆ ಅವನ ದವಡೆಯ ಮೂಲೆಯಲ್ಲಿ ಬೆರಳಿಟ್ಟು ಬಾಯಿ ಬಿಡಿಸಿ, ನಾಲಗೆಯ ಹಿಂದಕ್ಕೆ ಮದ್ದು ಹಾಕಿ, ಗಂಟಲು ಸವರಿ, ಮೇಲಿಂದ ಸ್ವಲ್ಪ ಮೀನಿನ ಸಾರು. ತೂಕ ಏರಿದ ಹಾಗೆ ಮದ್ದಿನ ಪ್ರಮಾಣವೂ ಏರಬೇಕು. ಎರಡನೇ ವಾರದ ಒಂದು ಮಧ್ಯಾಹ್ನ ಅವನು ಎದ್ದು ನಿಂತು ನನ್ನ ಚಪ್ಪಲಿಯ ಪಟ್ಟಿ ಕಚ್ಚಿದ. ಅಲ್ಲೇ ಕುಳಿತು ಅತ್ತುಬಿಟ್ಟೆ.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವರು ಊರಿನವರು. ದಿನಾ ರಾತ್ರಿ ಫೋನಿನಲ್ಲಿ "ಇವತ್ತು ಎಷ್ಟು ಉಳಿದವು?" ಅಂತ ಕೇಳಿ, ಹೋದವುಗಳ ಲೆಕ್ಕ ಒಮ್ಮೆಯೂ ಕೇಳದ ಅಮ್ಮನಿಗೆ ಹೇಗೆ ಹೇಳಲಿ ನಾನು ಥ್ಯಾಂಕ್ಸ್? ಮಂಗಳೂರಿನ ಪಶುವೈದ್ಯರೊಬ್ಬರು ಸಮಯದ ವ್ಯತ್ಯಾಸ ಲೆಕ್ಕಿಸದೆ ರಕ್ತಪರೀಕ್ಷೆಯ ವರದಿ ಓದಿ ನನಗೆ ಅರ್ಥ ಮಾಡಿಸಿದರು. ದುಬೈಯಲ್ಲಿರುವ ಶಾಲೆಯ ಗೆಳತಿಯರು ಸಂಬಳ ಬಂದ ದಿನವೇ ಮದ್ದಿನ ಪಾಲು ಕಳಿಸುತ್ತಿದ್ದರು. ಅವರಲ್ಲಿ ಇಬ್ಬರಿಗೆ ಬೆಕ್ಕೆಂದರೆ ಹೆದರಿಕೆ, ಆದರೂ ಕಳಿಸಿದರು.

ಈಗ, ನಾನು ಊರಿಗೆ ಮರಳಿದ ಮೇಲೆ ಜೊತೆಯಾದ ಮಲ್ಪೆಯವರು. ದಕ್ಕೆಯ ಮೀನು ಮಾರುವ ಅಕ್ಕಂದಿರೇ, ಯಾವ ಬೆಕ್ಕು ಬಸುರಿ, ಯಾವುದು ಯಾವ ಬಲೆಯ ರಾಶಿಯ ಕೆಳಗೆ ಮರಿ ಇಟ್ಟಿದೆ ಅಂತ ನಿಮಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಲ್ಲ. ನೀವು ತೋರಿಸದೆ ಈ ಕೆಲಸ ಆಗುತ್ತಲೇ ಇರಲಿಲ್ಲ. ಬೆಕ್ಕಿಗೆ ಬಸಿರು ಒಂಬತ್ತು ವಾರ, ಐದು ತಿಂಗಳ ಮರಿಯೇ ಬಸುರಿಯಾಗಬಲ್ಲದು. ಹಾಗಾಗಿ ಬರೀ ಊಟ ಹಾಕಿದರೆ ಮುಂದಿನ ಮಳೆಗಾಲಕ್ಕೆ ಹಸಿದ ಬಾಯಿ ಇನ್ನೂ ಹೆಚ್ಚು. ಊಟವೂ ಬೇಕು, ಶಸ್ತ್ರಚಿಕಿತ್ಸೆಯೂ ಬೇಕು ಅನ್ನುವ ಈ ಮಾತನ್ನು ನನಗಿಂತ ಚೆನ್ನಾಗಿ ದಕ್ಕೆಯಲ್ಲಿ ಎಲ್ಲರಿಗೂ ಒಪ್ಪಿಸಿದವರು ನೀವು.

ಕೋಳಿ ಅಂಗಡಿಯವರು ದಿನಾ ಕುತ್ತಿಗೆ, ಪಿತ್ತಜನಕಾಂಗ ತೆಗೆದಿಟ್ಟರು. ಬೆಕ್ಕಿಗೆ ಅನ್ನ ಹಾಲು ಸಾಲದು, ಮಾಂಸದಿಂದ ಬರುವ ಟೌರಿನ್ ಇಲ್ಲದಿದ್ದರೆ ಅದರ ಕಣ್ಣು, ಹೃದಯ ಕೆಡುತ್ತದೆ. ಬೋಟಿನ ಮಾಲೀಕರೊಬ್ಬರು ಬಲೆ ಇಡುವ ಶೆಡ್ಡಿನ ಒಂದು ಮೂಲೆ ಬಿಟ್ಟುಕೊಟ್ಟರು, ಇಲ್ಲದಿದ್ದರೆ ಆ ಮಳೆಗೆ ಊಟವೆಲ್ಲ ಗಂಜಿಯಾಗುತ್ತಿತ್ತು. ಮಣಿಪಾಲದ ವಿದ್ಯಾರ್ಥಿಗಳು ಬೆಳಗ್ಗೆ ಐದಕ್ಕೆ ರೈನ್‌ಕೋಟ್ ಹಾಕಿಕೊಂಡು ಬಂದು ಬೋನು ಇಟ್ಟು ಕಾದರು. ಬೆಕ್ಕು ಒಳಗೆ ಬಿದ್ದ ಕೂಡಲೇ ಬೋನಿನ ಮೇಲೆ ಬೈರಾಸು (ಟವೆಲ್) ಮುಚ್ಚಬೇಕು, ಕತ್ತಲಾದರೆ ಅದು ಸುಮ್ಮನಾಗುತ್ತದೆ. ಎರಡನೇ ದಿನಕ್ಕೆ ಅವರು ನನಗಿಂತ ಚುರುಕಾಗಿದ್ದರು. ಆಟೋದ ಅಣ್ಣ ಆಸ್ಪತ್ರೆಗೆ ಹೋಗಿ ಬರುವ ಬಾಡಿಗೆಯಲ್ಲಿ ಡೀಸೆಲ್ ಖರ್ಚಿಗಿಂತ ಹೆಚ್ಚು ಮುಟ್ಟಲಿಲ್ಲ. ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರಮ್ಮ ಹೊಲಿಗೆಯನ್ನು ಎಷ್ಟು ಸಣ್ಣದಾಗಿ ಹಾಕಿದರೆಂದರೆ ಒಂದು ಬೆಕ್ಕಿಗೂ ಕೀವು ಆಗಲಿಲ್ಲ. ಕಿವಿಯ ತುದಿ ಚೂರು ಕತ್ತರಿಸಿರುವ ಬೆಕ್ಕನ್ನು ದಕ್ಕೆಯಲ್ಲಿ ಕಂಡರೆ ಅದು ಅವರ ಕೈಯಿಂದ ಹಾದುಬಂದದ್ದು, ದಯವಿಟ್ಟು ಮತ್ತೆ ಹಿಡಿಯಬೇಡಿ.

ಮನೆಯ ಹಿಂದಿನ ಕೋಣೆಯನ್ನು ಬೆಕ್ಕುಗಳ ವಾರ್ಡ್ ಮಾಡಲು ಬಿಟ್ಟ ಅತ್ತೆಗೆ, ಈಗಲೂ ಲಿಮಾಸೋಲ್‌ನಲ್ಲಿದ್ದು ಭಾನುವಾರ ಅದೇ ಆಶ್ರಯಧಾಮದಲ್ಲಿ ಪಂಜರ ತೊಳೆಯುವ ಗಂಡನಿಗೆ, ಪ್ರೀತಿ. ಬಂಗುಡೆ ಅವನ ಜೊತೆಗೇ ಇದ್ದಾನೆ, ನಾಲ್ಕು ಕಿಲೋ ದಾಟಿದ್ದಾನೆ.

ಅಷ್ಟಮಿ, ವಿಟ್ಲಪಿಂಡಿಯ ಗದ್ದಲ ಮುಗಿದ ಮೇಲೆ ಕಲ್ಮಾಡಿ ಕಡೆಯ ಬೆಕ್ಕುಗಳ ಸರದಿ. ಹಳೆಯ ಬೈರಾಸು, ಬೆಡ್‌ಶೀಟ್ ಇದ್ದರೆ ತೊಳೆದು ಎತ್ತಿಡಿ, ನಾವೇ ಬಂದು ಒಯ್ಯುತ್ತೇವೆ.