ಮಗಳಿಗೊಂದು ಪತ್ರ: ಆ ಹಳೇ ಬೈಕಿಗೆ ಬಣ್ಣ ಹೊಡೆಯುವ ಮೊದಲು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೊಗಳನ್ನೆಲ್ಲ ದೊಡ್ಡದು ಮಾಡಿ ಮಾಡಿ ನೋಡಿದೆ. ಟ್ಯಾಂಕಿಗೆ ತುಕ್ಕು ಹಿಡಿದಿದೆ, ಸೀಟು ಹರಿದಿದೆ, ಒಂದು ಸೈಡ್ ಕವರ್ ಇಲ್ಲವೇ ಇಲ್ಲ. ಆದರೆ ಸೈಲೆನ್ಸರ್ ಕಂಪನಿಯದ್ದೇ, ಮಡ್‌ಗಾರ್ಡ್ ಕಂಪನಿಯದ್ದೇ, ಹೆಡ್‌ಲೈಟ್ ಗಾಜೂ ಹಳೆಯದೇ. ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ನೂರು ಸಿಸಿಯ ಗಾಡಿ ಇಷ್ಟರ ಮಟ್ಟಿಗೆ ಉಳಿಯುವುದೇ ಅಪರೂಪ ಕಣೇ.

ದೊಡ್ಡ ಬೈಕ್‌ಗಳನ್ನು ಜನ ಮುಚ್ಚಟೆಯಿಂದ ಇಟ್ಟುಕೊಂಡರು. ಚಿಕ್ಕವನ್ನು ದುಡಿಸಿದರು. ದಿನಾ ಕೆಲಸಕ್ಕೆ ಹೋಗುವುದು, ಸಾಮಾನು ಹೊರುವುದು, ಕೆಟ್ಟರೆ ಸಿಕ್ಕ ಪಾರ್ಟ್ ಹಾಕಿ ಮತ್ತೆ ಓಡಿಸುವುದು. ಕೊನೆಗೆ ಗುಜರಿ. ಹೋಂಡಾದ ಸೂಪರ್ ಕಬ್ ಅನ್ನುವ ಚಿಕ್ಕ ಬೈಕ್ ಬಂದಿದ್ದು 1958ರಲ್ಲಿ. 2017ರ ಹೊತ್ತಿಗೆ ಹತ್ತು ಕೋಟಿ ತಯಾರಾಗಿದ್ದವು. ಅಷ್ಟೊಂದು ಇದ್ದರೂ, ಮೊದಲ ವರ್ಷಗಳ ಕಬ್ ಯಾವ ಭಾಗವೂ ಬದಲಾಗದೆ ಸಿಗುವುದು ಕಷ್ಟ. ಎಲ್ಲರ ಮನೆಯಲ್ಲೂ ಇದ್ದ ವಸ್ತುವನ್ನು ಯಾರೂ ಎತ್ತಿಡುವುದಿಲ್ಲ, ಅಲ್ವಾ?

ಅದಕ್ಕೇ ಹೇಳುತ್ತಿದ್ದೇನೆ. ಹೊಸ ಬಣ್ಣದ ಆಸೆಗೆ ಬೀಳಬೇಡ. ನೀನು ಬರೆದ ಆ ಕೆಂಪು ಮೆಟಾಲಿಕ್ ಚೆನ್ನಾಗಿಯೇ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಒರಿಜಿನಲ್ ಅಂದರೆ ಮಿರಿಮಿರಿ ಮಿಂಚುವುದಲ್ಲ. ಕಾರ್ಖಾನೆಯಿಂದ ಹೇಗೆ ಹೊರಬಂದಿತ್ತೋ ಹಾಗಿರುವುದು. ಎಂಜಿನ್ ಕವರನ್ನು ಕನ್ನಡಿಯಂತೆ ಉಜ್ಜಿ ಹೊಳೆಸುತ್ತಾರಲ್ಲ, ಆ ಹೊಳಪು ಕಾರ್ಖಾನೆಯಲ್ಲಿ ಎಷ್ಟೋ ಗಾಡಿಗಳಿಗೆ ಇರಲೇ ಇಲ್ಲ. ಚಾಸಿಗೆ ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣ ಹಾಕಿ ಬಿಸಿಯಲ್ಲಿ ಕೂರಿಸುವುದು, ಮಾಡಿಸಿದರೆ ಪದರ ದಪ್ಪವಾಗಿ ಕೂರುತ್ತದೆ. ಚಾಸಿ ನಂಬರ್ ಅದರಡಿ ಮಂಕಾಗುತ್ತದೆ, ಬೋಲ್ಟ್ ತೂತಿನ ಥ್ರೆಡ್‌ಗಳು ತುಂಬಿಕೊಳ್ಳುತ್ತವೆ. ಆ ನಂಬರೇ ಗಾಡಿಯ ಗುರುತು. ಅದನ್ನು ಮುಚ್ಚಬಾರದು.

ಮೊದಲು ನಿಜವಾದ ಬಣ್ಣ ಯಾವುದು ಅಂತ ಹುಡುಕು. ಈಗ ಕಾಣುತ್ತಿರುವುದು ಬಿಸಿಲು ತಿಂದ ಬಣ್ಣ. ಟ್ಯಾಂಕಿನ ಬ್ಯಾಡ್ಜ್‌ನ ಸ್ಕ್ರೂ ಮೆಲ್ಲಗೆ ಬಿಚ್ಚು. ಬ್ಯಾಡ್ಜ್ ಕೂತಿದ್ದ ಜಾಗದಲ್ಲಿ ಅಂಚಿಗೆ ಧೂಳು ಗಟ್ಟಿಕಟ್ಟಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸು. ಒಳಗೆ ಬೆಳಕೇ ಕಾಣದ ಬಣ್ಣ, ಮೊದಲ ದಿನದಷ್ಟೇ ಗಾಢವಾಗಿ ಸಿಗುತ್ತದೆ. ಸೀಟಿನಡಿ, ಸೈಡ್ ಕವರ್ ಹಿಂದೆ ಕೂಡ ನೋಡು. ಆಮೇಲೆ ಉಳಿದ ಟ್ಯಾಂಕನ್ನು ಸೋಪಿನ ನೀರಲ್ಲಿ ತೊಳೆದು, ಒಂದು ಮೂಲೆಯಲ್ಲಿ ಮಾತ್ರ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿ ನೋಡು. ಅರ್ಧಕ್ಕರ್ಧ ಬಣ್ಣ ಎದ್ದು ಬಂದರೂ ಸಾಕು, ಹಾಗೇ ಉಳಿಸಿಕೋ. ಗೀರುಗಳಿರಲಿ ಬಿಡು. ಟ್ಯಾಂಕಿನ ಗೆರೆಗಳ ಮೇಲೆ ಉಪ್ಪುಕಾಗದ ಮಾತ್ರ ಆಡಿಸಬೇಡ. ಒಮ್ಮೆ ಹೋದರೆ ಹೋಯಿತು.

ಟ್ಯಾಂಕಿನ ಒಳಗಿನ ತುಕ್ಕಿಗೆ ಬಿಸಿನೀರಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಸಾಕು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸು, ಇಲ್ಲದಿದ್ದರೆ ಕಣ್ಣೆದುರೇ ಮತ್ತೆ ತುಕ್ಕು ಬರುತ್ತದೆ. ಆ ನೀರು ಹೊರಗಿನ ಬಣ್ಣಕ್ಕೆ ತಾಗದ ಹಾಗೆ ನೋಡಿಕೋ.

ಎಂಜಿನ್ ಜಾಮ್ ಆಗಿದೆ ಅಂದೆ. ದಯವಿಟ್ಟು ಕಿಕ್ಕರ್ ಮೇಲೆ ಹತ್ತಿ ನಿಲ್ಲಬೇಡ! ತುಕ್ಕಿಗೆ ಅಂಟಿಕೊಂಡ ಪಿಸ್ಟನ್ ರಿಂಗ್ ಮುರಿದರೆ ಸಿಲಿಂಡರ್ ಗೀರಿಕೊಳ್ಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ತೆಳ್ಳಗಿನ ಎಣ್ಣೆ ಬಿಟ್ಟು ಕೆಲವು ದಿನ ಸುಮ್ನೆ ಇರು. ಆಮೇಲೆ ಟಾಪ್ ಗೇರ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸು. ಕೂದಲೆಳೆಯಷ್ಟು ಕದಲಿದರೂ ಅದು ಬಿಡುತ್ತಿದೆ ಅಂತಲೇ ಅರ್ಥ.

ಸ್ಕ್ರೂ ಬಿಚ್ಚುವಾಗ ಇನ್ನೊಂದು ವಿಷಯ. ಇದು ಜಪಾನಿನ ಗಾಡಿ. ಸ್ಕ್ರೂ ತಲೆ ನೋಡಲು ಫಿಲಿಪ್ಸ್ ಥರವೇ ಇರುತ್ತದೆ, ಆದರೆ ಅದು ಜೆಐಎಸ್ ಅನ್ನುವ ಜಪಾನಿ ಅಳತೆಯದ್ದು. ಎಷ್ಟೋ ಸ್ಕ್ರೂಗಳಲ್ಲಿ ಪ್ಲಸ್ ಗುರುತಿನ ಪಕ್ಕ ಸಣ್ಣ ಚುಕ್ಕಿ ಇರುತ್ತದೆ, ನೋಡು. ಫಿಲಿಪ್ಸ್ ಡ್ರೈವರ್ ಅದರ ತಳದವರೆಗೆ ಕೂರುವುದಿಲ್ಲ. ಜೋರು ಮಾಡಿದರೆ ಜಾರಿ ತಲೆ ಸವೆಯುತ್ತದೆ. ಹಳೇ ಎಂಜಿನ್‌ಗಳಲ್ಲಿ ಕಾಣುವ ಹಾಳಾದ ಸ್ಕ್ರೂ ತಲೆಗಳಿಗೆ ಬಹುಪಾಲು ಇದೇ ಕಾರಣ. ಸರಿಯಾದ ಡ್ರೈವರ್ ತಗೊಂಡು ಆಮೇಲೆ ಕೈ ಹಾಕು. ಬಿಚ್ಚಿದ ಸ್ಕ್ರೂಗಳನ್ನು ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಅದದೇ ಜಾಗದಲ್ಲಿ ಚುಚ್ಚಿಡು. ಒಂದೊಂದರ ಉದ್ದ ಒಂದೊಂದು ಥರ.

ಎಂಜಿನ್ ಸ್ಟಾರ್ಟ್ ಆದ ಕೂಡಲೇ ಗೆದ್ದೆವು ಅಂದುಕೊಳ್ಳಬೇಡ. ನಿನ್ನ ಗಾಡಿಯಂಥ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು, ಗಾಳಿ ಎರಡೂ ಮೊದಲು ಕೆಳಗೆ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ದಂಡ, ಇರುವ ಗೂಡಿಗೆ ಬಂದು, ಅಲ್ಲಿಂದ ಸಿಲಿಂಡರಿಗೆ ಏರುತ್ತವೆ. ಕ್ರ್ಯಾಂಕಿನ ಎರಡು ತುದಿಗೂ ರಬ್ಬರ್ ಆಯಿಲ್ ಸೀಲ್ ಇರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅದು ಒಣಗಿ ಗಟ್ಟಿಯಾಗಿರುತ್ತದೆ. ಪ್ಲಗ್ಗಿನ ಕಿಡಿಗೆ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಪೆಟ್ರೋಲು, ಅದರ ಜೊತೆಯ ಆಯಿಲ್ ಎರಡೂ ಸಾಲದೆ ಬಿಸಿ ಏರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಾನಾಗಿಯೇ ರೇಸ್ ಆಗುತ್ತಿದ್ದರೆ ಮೊದಲು ಅಲ್ಲೇ ಅನುಮಾನಪಡು. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗಿ ಸಿಲಿಂಡರಿನಲ್ಲೇ ಸಿಕ್ಕಿಕೊಳ್ಳುತ್ತದೆ. ಕ್ಲಚ್ ಕಡೆಯದ್ದು ಹೋದರೆ ಗೇರ್ ಆಯಿಲ್ ಒಳಗೆ ಸೇರಿ ದಟ್ಟ ಬಿಳಿ ಹೊಗೆ ಬರುತ್ತದೆ. ನಾನಾದರೆ ಸೀಲ್‌ಗಳನ್ನು ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ, ಬದಲಾಯಿಸಿಬಿಡುತ್ತೇನೆ. ರಬ್ಬರ್, ಟೈರು, ಕೇಬಲ್‌ಗಳ ವಿಷಯದಲ್ಲಿ ಒರಿಜಿನಲ್ ಹಟ ಬೇಡ. ಅಲ್ಲಿ ನಿನ್ನ ಜೀವ ದೊಡ್ಡದು.

ಬ್ರೇಕ್ ಡ್ರಮ್ ತೆಗೆದಾಗ ಧೂಳನ್ನು ಊದಬೇಡ. ಹಳೇ ಬ್ರೇಕ್ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಉಸಿರಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಒದ್ದೆ ಮಾಡಿಯೇ ಒರೆಸಿ ತೆಗಿ. ಕಾರ್ಬೊರೇಟರ್‌ನಲ್ಲಿ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್‌ಗೆ ತಂತಿ ಹಾಕಬೇಡ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ದೊಡ್ಡದಾದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಬದಲಾಯಿಸಿದ ಹಳೇ ಪಾರ್ಟ್ ಒಂದನ್ನೂ ಎಸೆಯಬೇಡ, ಎಷ್ಟೇ ತುಕ್ಕಾಗಿರಲಿ. ಹೊಸದು ಸರಿಯಾಗಿದೆಯಾ ಅಂತ ಪಕ್ಕದಲ್ಲಿಟ್ಟು ನೋಡಲು ಅದೇ ಬೇಕು. ಬೋಲ್ಟ್ ತಲೆಯ ಮೇಲಿನ ಗುರುತು, ವಾಷರಿನ ದಪ್ಪ, ವೈರಿನ ಬಣ್ಣ ಇವೆಲ್ಲ ಪಾರ್ಟ್ಸ್ ಪುಸ್ತಕದ ಚಿತ್ರದಲ್ಲಿ ಕಾಣುವುದಿಲ್ಲ.

ಬ್ಯಾಡ್ಜ್ ತೆಗೆದ ಮೇಲೆ ಅಡಿಯ ಬಣ್ಣದ ಫೋಟೊ ಹಗಲು ಬೆಳಕಿನಲ್ಲೇ ತೆಗೆದು ಕಳಿಸು. ಮೇನ್ ಜೆಟ್ ಮೇಲಿನ ನಂಬರನ್ನೂ ಬರಿ, ಇಬ್ಬರೂ ಕೂತು ತಾಳೆ ನೋಡೋಣ. ಸಿಲಿಂಡರ್ ಎತ್ತುವ ಕೆಲಸ ಮಾತ್ರ ನಾನು ಬರುವವರೆಗೆ ಇಟ್ಟಿರು. ಆ ಪಿಸ್ಟನ್ ನಾನೂ ನೋಡಬೇಕು.

ಪ್ರೀತಿಯಿಂದ,
ನಿನ್ನ ಅಮ್ಮ