ಅಪ್ಪಯ್ಯನ ಕರ್ಣ

ಫ್ರೈಬರ್ಗ್, ಜರ್ಮನಿ

ತೀರ್ಥರೂಪ ಅಪ್ಪಯ್ಯನವರಿಗೆ ಮಗಳು ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ಉಡುಪಿಯಲ್ಲಿ ಮಳೆ ಹಿಡಿದಿದೆ ಎಂದು ಅಮ್ಮ ಹೇಳಿದರು. ಇನ್ನು ನಿಮಗೆ ತಾಳಮದ್ದಳೆಯ ದಿನಗಳು, ವೇಷವಿಲ್ಲದೆ ಕೂತು ಭಾಗವತರ ಪದ್ಯಕ್ಕೆ ಮಾತು ಹೆಣೆಯುವ ದಿನಗಳು.

ಕಳೆದ ಸಲ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಬೆರಳು ಅಲುಗಿಸುವ ಮೊದಲೇ ಮಿದುಳಿನಲ್ಲಿ ವಿದ್ಯುತ್ತಿನ ಏರಿಳಿತ ಶುರುವಾಗುತ್ತದೆ ಎಂದು ಇದೇ ಊರಿನಲ್ಲಿ ಕಾರ್ನ್‌ಹೂಬರ್ ಮತ್ತು ಡೇಕೆ ಎಂಬ ವಿಜ್ಞಾನಿಗಳು ಕಂಡುಕೊಂಡರು. ಅವರ ಲೇಖನ ಬಂದದ್ದು 1965ರಲ್ಲಿ. 1983ರಲ್ಲಿ ಅಮೆರಿಕದ ವಿಜ್ಞಾನಿ ಲಿಬೆಟ್ ಇನ್ನೂ ಮುಂದೆ ಹೋದರು. ಏರಿಳಿತ ಶುರುವಾಗುವುದು ಬೆರಳು ಅಲುಗುವ ಸುಮಾರು ಅರ್ಧ ಸೆಕೆಂಡ್ ಮೊದಲು, ‘ಅಲುಗಿಸಬೇಕು’ ಎಂಬ ಅರಿವು ಮೂಡುವುದು ಬರೀ 0.2 ಸೆಕೆಂಡ್ ಮೊದಲು. ಈ ಪ್ರಯೋಗದ ಅರ್ಥವೇನೆಂದು ಇಂದಿಗೂ ಜಗಳವಿದೆ. ನಾನು ಇಷ್ಟು ಹೇಳಿದ್ದಕ್ಕೆ ನೀವು, "ಎಲ್ಲ ಮೊದಲೇ ನಿಶ್ಚಯವಾಗಿದ್ದರೆ ನಮ್ಮ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?" ಎಂದಿರಿ.

ಉತ್ತರ ನಿಮ್ಮ ಕರ್ಣನಲ್ಲೇ ಇದೆ ಅಪ್ಪಯ್ಯ. ಅಜ್ಜಿ ತೀರಿಹೋದ ವರ್ಷ ದೇವಸ್ಥಾನದ ಚಾವಡಿಯಲ್ಲಿ ಕರ್ಣಭೇದನ ಇತ್ತು. ಪ್ರಸಂಗ ಎಲ್ಲರಿಗೂ ಗೊತ್ತು, ಪದ್ಯ ಒಂದಕ್ಷರ ಬದಲಾಗುವುದಿಲ್ಲ, ಕರ್ಣ ಪಾಂಡವರ ಕಡೆಗೆ ಹೋಗುವುದಿಲ್ಲ. ಕುಂತಿಯೇ ನಿನ್ನ ತಾಯಿ ಎಂದು ಕೃಷ್ಣ ಹೇಳಿದಾಗ ನೀವು ಮಾತಾಡಲಿಲ್ಲ. ಮದ್ದಳೆಯವರೂ ಕೈ ತಡೆದರು. ಆಮೇಲೆ ನೀವು ರಾಧೆಯ ಬಗ್ಗೆ ಮಾತ್ರ ಹೇಳಿದಿರಿ, ಹಾಲೂಡಿದವಳ ಬಗ್ಗೆ. ಮುಂದೆ ಕೂತಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ.

ಆ ಮಾತಿಗೆ ಕಾರಣಗಳಿದ್ದವು: ಅಜ್ಜಿಯ ಸಾವು, ನಲವತ್ತು ವರ್ಷದ ಓದು, ಎದುರು ಕೂತ ಕೃಷ್ಣನ ಅರ್ಥಧಾರಿ ಕೊಟ್ಟ ಎಳೆ. ಅಷ್ಟನ್ನೂ ತಿಳಿದವನೊಬ್ಬನಿದ್ದರೆ ನಿಮ್ಮ ಮುಂದಿನ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದನೇನೋ. ಹೇಳಲಿ. ಆ ಕಾರಣಗಳೆಲ್ಲ ಕೂಡಿ ಮಾತಾದದ್ದು ನಿಮ್ಮೊಳಗೆ, ಬೇರೆಲ್ಲೂ ಅಲ್ಲ. ಅಜ್ಜಿಯನ್ನು ಕಳೆದುಕೊಳ್ಳದವರ ಬಾಯಲ್ಲಿ ರಾಧೆ ಹಾಗೆ ಬರುತ್ತಿರಲಿಲ್ಲ. ಕಾರಣವಿಲ್ಲದೆ ಬಂದಿದ್ದರೆ ಅದು ಬರಿಯ ಸದ್ದು, ನಿಮ್ಮ ಮಾತು ಎನ್ನಲು ನನಗೆ ಆಧಾರವೇ ಇರುತ್ತಿರಲಿಲ್ಲ. ಪದ್ಯಕ್ಕೆ ನೀವು ಆಡುವ ಮಾತನ್ನು ನಮ್ಮವರು ‘ಅರ್ಥ’ ಎಂದೇ ಕರೆದದ್ದು ಎಷ್ಟು ಸರಿ!

ಜೀವನಿಗೆ ಕರ್ತೃತ್ವ ಉಂಟು, ಆದರೆ ಅದು ಪರಾಧೀನ ಎಂಬ ಮಧ್ವಮತದ ಮಾತನ್ನು ನೀವು ಹೇಳುವಾಗ ಚಿಕ್ಕಂದಿನಲ್ಲಿ ನನಗೆ ಸಿಟ್ಟು ಬರುತ್ತಿತ್ತು. ಆಚಾರ್ಯರು ಎಲ್ಲವನ್ನೂ ಹರಿಯ ಅಧೀನದಲ್ಲಿಟ್ಟರು, ಇಲ್ಲಿಯವರು ನರಕೋಶಗಳ ಅಧೀನದಲ್ಲಿಡುತ್ತಾರೆ; ಎರಡೂ ಒಂದೇ ಎನ್ನಲಾರೆ. ಆದರೂ ‘ಪರಾಧೀನ’ ಎಂದ ಮೇಲೂ ‘ಉಂಟು’ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲವಲ್ಲ, ಅದು ಈಗ ನನಗೆ ದೊಡ್ಡದಾಗಿ ಕಾಣುತ್ತದೆ.

ಈ ಮಳೆಗಾಲದಲ್ಲಿ ಕರ್ಣನ ಅರ್ಥ ನಿಮ್ಮ ಪಾಲಿಗೆ ಬಂದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕಳುಹಿಸಲು ತಮ್ಮನಿಗೆ ಹೇಳಿ. ನೀವು ಸುಮ್ಮನಾಗುವ ಜಾಗವನ್ನು ಅವನು ಕತ್ತರಿಸದಿರಲಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು